ಒಳಗಿನ ಬಿಸ್ಕತ್ತು, ಹೊರಗಿನ ಬಿಸ್ಕತ್ತು

ಭಾನುವಾರ ಬಂತೆಂದರೆ ನಾನು ಬಸ್ಸು ಹತ್ತುತ್ತೇನೆ, ತಿನ್ನೋಕೆ. ಇದರಲ್ಲಿ ಮುಚ್ಚಿಡೋದೇನಿದೆ? ಒಂದು ವಾರ ಕೊರಟಗೆರೆಗೆ ಹೋಗಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ತಿಂದು ಬರುತ್ತೇನೆ, ಇನ್ನೊಂದು ವಾರ ಶಿರಾದಲ್ಲಿ ಆಗಷ್ಟೇ ಒಲೆಯಿಂದ ತೆಗೆದ ನಾನ್‌ಖಟಾಯಿ. ಮಂಡಿ ನೋವು ಸ್ವಲ್ಪ ಕಡಿಮೆ ಇದ್ದರೆ ಪಾವಗಡದವರೆಗೂ ಸವಾರಿ. ಅಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿಗೆ ಉಗ್ಗಾಣಿ ಅಂತಾರೆ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಡದೆ ಕೊಡೋದೇ ಇಲ್ಲ. ಎಲ್ಲಿ ಹೋದರೂ ಹೋಟೆಲಿನವರು ಮೊದಲು ಕೇಳೋದು ಒಂದೇ ಮಾತು, "ಒಬ್ರೇನಾ ಮೇಡಂ?" ಒಬ್ಬಳೇ ಕಣಪ್ಪ, ಒಬ್ಬಳಿಗೆ ಇಡ್ಲಿ ಬೇಯಲ್ವಾ ಅಂತ ನಾನೂ ಬಿಡೋದಿಲ್ಲ. ಅವರು ನಗುತ್ತಾರೆ. ಆಮೇಲೆ ಯಾರೋ ಬಂದು ನನ್ನೆದುರಿನ ಖಾಲಿ ಕುರ್ಚಿ ಎಳೆದುಕೊಂಡು ತಮ್ಮವರ ಟೇಬಲ್ಲಿಗೆ ಹೋಗುತ್ತಾರೆ. ಅದು ಮಾತ್ರ ಇಷ್ಟು ವರ್ಷವಾದರೂ ನನಗೆ ರೂಢಿಯಾಗಿಲ್ಲ. ಹೊಲಿಗೆ ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೆ ಒಂದು ಸಣ್ಣ ಕರೆಂಟಿನ ಓವನ್ ತಂದಿಟ್ಟುಕೊಂಡೆ. ವಾರದ ಮಧ್ಯೆ ರಾಗಿ ಬಿಸ್ಕತ್ತು, ಕಡಲೆಕಾಯಿ ಬಿಸ್ಕತ್ತು ಮಾಡುತ್ತೇನೆ. ಮನೆಯೆಲ್ಲ ಘಮ್ಮೆನ್ನುತ್ತೆ, ತಿನ್ನೋಕೆ ಜನ ಬೇಕಲ್ಲ. ಮೇಲಿನ ಮನೆಯವರಿಗೆ ಒಯ್ದು ಕೊಟ್ಟರೆ "ಶುಗರ್ ಇದೆ ಆಂಟಿ" ಅಂತಾರೆ. ನಿಮಗೆ ತಿನ್ನೋ ಹುಚ್ಚು ಎಲ್ಲಿಂದ ಹತ್ತಿತು ಅಂತ ಕೇಳುವವರಿಗೆ ನಾನು ಏನೋ ಒಂದು ಹೇಳಿ ಹಾರಿಸಿಬಿಡುತ್ತೇನೆ. ನಿಜ ಹೇಳಬೇಕೆಂದರೆ ನಾನು ಬೆಳೆದ ಮನೆಯನ್ನೇ ಹೇಳಬೇಕಾಗುತ್ತೆ.

ಆ ಮನೆ ಮಧುಗಿರಿಯ ಬೆಟ್ಟದ ಬುಡದ ಬೀದಿಯಲ್ಲಿತ್ತು. ಹಗಲೆಲ್ಲ ಕಾದ ಬಂಡೆ ಸಂಜೆ ಹೊತ್ತು ತನ್ನ ಬಿಸಿಯನ್ನೆಲ್ಲ ನಮ್ಮ ಹಿತ್ತಲಿಗೆ ಬಿಡೋದು. ಎದುರಿಗೆ ಜಗಲಿ, ಆಮೇಲೆ ನಡುಮನೆ, ಅದರಾಚೆ ಎತ್ತರದ ಹೊಸ್ತಿಲಿನ ಅಡಿಗೆಮನೆ. ಅಡಿಗೆಮನೆಗೆ ಕಿಟಕಿ ಅನ್ನೋದು ಒಂದೇ, ಅದೂ ಅಂಗೈಯಗಲ. ಒಳಗೆ ಅತ್ತೆ. ಅತ್ತೆ ಅಂದರೆ ಅಪ್ಪನ ಅಕ್ಕ. ನಮ್ಮಮ್ಮ ನನಗೆ ನೆನಪೇ ಉಳಿಯದಷ್ಟು ಬೇಗ ಹೋಗಿಬಿಟ್ಟಳು. ಗಂಡ ಸತ್ತು ಪಾವಗಡದ ಕಡೆ ರಾಯಚರ್ಲಿನಲ್ಲಿ ಒಬ್ಬಳೇ ಇದ್ದ ಅತ್ತೆ ನನ್ನನ್ನು ನೋಡಿಕೊಳ್ಳೋಕೆ ಬಂದು ನಮ್ಮನೆಯಲ್ಲೇ ನಿಂತಳು. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ ನಮ್ಮದು. ಎಲ್ಲರ ಕೊರಳಲ್ಲೂ ಇತ್ತು, ನನ್ನ ಕೊರಳಲ್ಲೂ ಇತ್ತು, ಆದರೆ ಅತ್ತೆಗಿದ್ದ ನಿಷ್ಠೆ ಬೇರೆ ಯಾರಿಗೂ ಇರಲಿಲ್ಲ. ಸ್ನಾನ ಮಾಡಿ, ಲಿಂಗ ಪೂಜೆ ಮಾಡಿ, ತಾನೇ ಬೇಯಿಸಿದ್ದನ್ನು ಲಿಂಗಕ್ಕೆ ತೋರಿಸಿ, ಗೋಡೆ ಕಡೆ ಮುಖ ಮಾಡಿ ಕೂತು ಉಣ್ಣೋಳು. ಉಣ್ಣುವಾಗ ಮಾತಿಲ್ಲ. ಯಾರೂ ಎದುರಿಗೆ ಕೂರೋ ಹಾಗೂ ಇಲ್ಲ. ಲಿಂಗವಿಲ್ಲದ ಕೈ ಮುಟ್ಟಿದ್ದು ಅತ್ತೆಗೆ ಹೊರಗಿನದು, ಅದು ನಮ್ಮ ಹೊಸ್ತಿಲು ದಾಟಬಾರದು.

ಅಪ್ಪನೋ, ಇದಕ್ಕೆ ಪೂರ್ತಿ ಉಲ್ಟಾ. ಊದುಬತ್ತಿ ಏಜೆಂಟು. ಚೀಲ ಹೆಗಲಿಗೇರಿಸಿ ಶಿರಾ, ಕೊರಟಗೆರೆ, ಪಾವಗಡ ಅಂತ ಅಂಗಡಿ ಅಂಗಡಿ ತಿರುಗೋ ಕೆಲಸ. ತಿರುಗಿದ ಕಡೆಯೆಲ್ಲ ತಿನ್ನೋ ಚಪಲ. ಮನೆಗೆ ಬಂದರೆ ಗಂಧದ ಕಡ್ಡಿ ವಾಸನೆಯ ಜೊತೆ ಈರುಳ್ಳಿ ವಾಸನೆಯೂ ಬರೋದು. ನಾನು ಇನ್ನೂ ಶಿಶುವಿಹಾರಕ್ಕೆ ಹೋಗುತ್ತಿದ್ದಾಗ ಒಂದು ಸಂಜೆ ಬಡವನಹಳ್ಳಿ ಹೋಟೆಲಿಂದ ನನಗೆ ಅಂತ ಪೇಪರಲ್ಲಿ ಸುತ್ತಿಸಿಕೊಂಡು ಬಿಸಿ ಬಿಸಿ ಮಸಾಲೆ ವಡೆ ತಂದನಂತೆ. ಅತ್ತೆ ಅದನ್ನು ನನ್ನ ಕೈಯಿಂದ ಕಿತ್ತು ಬೀದಿಗೆ ಎಸೆದಳು. ಇದು ನನಗೆ ಅರ್ಧ ನೆನಪು, ಅರ್ಧ ಬೀದಿಯವರು ಹೇಳಿದ್ದು.

"ತಾಯಿಲ್ದ ಮಗೀಗೆ ಯಾರ್ ಯಾರೋ ಮುಟ್ಟಿದ್ದು ತಿನ್ನುಸ್ತೀಯೇನ್ಲಾ? ಹೊರಗೆ ತಿಂದೋನು ನನ್ನ ಅಡಿಗೆಮನೆ ಹೊಸ್ತಿಲು ತುಳೀಬ್ಯಾಡ, ಹೇಳಿವ್ನಿ!"

"ತುಳಿಯಲ್ಲ ಬುಡು. ನಾನೂ ಹೊರಗಿನೋನೇ. ನಿನ್ ಕೈ ಅನ್ನ ನಿನಗೇ ಇರ್ಲಿ."

ಸಿಟ್ಟಿನಲ್ಲಿ ಆಡಿದ ಮಾತು. ಬೇರೆ ಮನೆಯಲ್ಲಾಗಿದ್ದರೆ ಬೆಳಗಾಗೋ ಹೊತ್ತಿಗೆ ಕರಗಿಹೋಗೋದು. ನಮ್ಮ ಮನೆಯಲ್ಲಿ ಅದು ಹೆಪ್ಪುಗಟ್ಟಿತು. ಅಪ್ಪ ಅಂದಿನಿಂದ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ತಮ್ಮನ ಜೊತೆ ಅತ್ತೆ ಮಾತು ಬಿಟ್ಟಳು. ಬೇಕಾದ್ದೆಲ್ಲ ನನ್ನ ಮೂಲಕ ಹೋಗೋದು, ನನ್ನ ಮೂಲಕ ಬರೋದು. "ಸೀಮೆಎಣ್ಣೆ ಮುಗ್ದೈತೆ ಅಂತ ನಿಮ್ಮಪ್ಪಂಗೆ ಹೇಳು," ಅಂತ ಅಪ್ಪ ಎದುರಿಗೇ ನಿಂತಿದ್ದರೂ ಅತ್ತೆ ನನಗೆ ಹೇಳೋಳು. ನಾನು ತಿರುಗಿ ಹೇಳೋ ಮೊದಲೇ ಅಪ್ಪ ಡಬ್ಬ ಕೈಗೆ ತಗೊಂಡಿರೋನು. ಇಬ್ಬರದೂ ಒಂದೇ ರಕ್ತ, ಹಠದಲ್ಲಿ ಒಬ್ಬರಿಗಿಂತ ಒಬ್ಬರು ಮೇಲು.

ಹೀಗಾಗಿ ನಾನು ಯಾವಾಗಲೂ ಒಬ್ಬಳೇ ಉಣ್ಣುತ್ತಿದ್ದೆ. ನಡುಮನೆಯಲ್ಲಿ ಅತ್ತೆ ನನ್ನ ಮುಂದೆ ತಟ್ಟೆ ಇಟ್ಟು, ಮುದ್ದೆ ಹಾಕಿ, ಹುರುಳಿ ಸಾರು ಬಿಟ್ಟು ಒಳಗೆ ಹೋಗಿಬಿಡೋಳು. ಗೋಡೆ ಗಡಿಯಾರದ ಸದ್ದು ಕೇಳುತ್ತಾ ನುಂಗೋದು. ಪಕ್ಕದ ಮನೆಯಲ್ಲಿ ಊಟದ ಹೊತ್ತಿಗೆ ಜಗಳ, ನಗು, ತಟ್ಟೆ ಎಳೆದಾಟ ಎಲ್ಲ ಕೇಳಿಸೋದು. ಅಲ್ಲಿ ಒಬ್ಬಳು "ಅವಳಿಗೆ ಜಾಸ್ತಿ ಹಾಕಿದೀಯ" ಅಂತ ಅಳುತ್ತಿದ್ದರೆ ನನಗೆ ಹೊಟ್ಟೆ ಉರಿಯೋದು. ನನ್ನದನ್ನು ಎಷ್ಟಿದೆ ಅಂತ ನೋಡೋರು ಯಾರೂ ಇರಲಿಲ್ಲ. ಕತ್ತಲಾಗೋ ಹೊತ್ತಿಗೆ ಅಪ್ಪ ಬಂದು ಜಗಲಿ ಮೇಲೆ ಕೂತು ಅವತ್ತು ಎಲ್ಲಿ ಏನು ತಿಂದೆ ಅಂತ ಹೇಳೋನು. ತಟ್ಟೆ ಇಡ್ಲಿ ಅಂದರೆ ಎಷ್ಟು ಮೆತ್ತಗಿತ್ತು, ಚಟ್ನಿಗೆ ಹುರಿಗಡಲೆ ಎಷ್ಟು ಬಿದ್ದಿತ್ತು, ಬಜ್ಜಿ ಕಡಿದರೆ ಕಣ್ಣಲ್ಲಿ ಹೆಂಗೆ ನೀರು ಬಂತು, ಎಲ್ಲ.

"ಕೇಳಿದ್ರೆ ಬಾಯಲ್ಲಿ ನೀರು ಬತ್ತದೆ ಅಲ್ವೇನವ್ವ?"

"ನನ್ನೂ ಕರ್ಕೊಂಡ್ ಹೋಗಪ್ಪ."

"ಅಯ್ಯೋ ಸುಮ್ಕಿರು. ನಿಮ್ಮತ್ತೆ ನನ್ನ ಸಿಗಿದು ತೋರಣ ಕಟ್ತಾಳೆ."

ಹೋಟೆಲಿಗೆ ಹೋಗಬೇಕು ಅನ್ನೋ ಆಸೆ ಇದ್ದೇ ಇತ್ತು, ಸುಳ್ಳು ಹೇಳಲ್ಲ. ಆದರೆ ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು. ಮೂವರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು, ಅಷ್ಟೇ. ಅಪ್ಪ ಅತ್ತೆಯ ಅನ್ನ ಉಣ್ಣಬೇಕು, ಅತ್ತೆ ಅವನಿಗೆ ಬಡಿಸಬೇಕು, ನಾನು ಮಧ್ಯೆ ಕೂತಿರಬೇಕು. ದೇವರಿಗೆ ಕೈ ಮುಗಿಯುವಾಗ ನಾನು ಬೇರೆ ಏನನ್ನೂ ಕೇಳಿದ್ದು ನೆನಪಿಲ್ಲ.

ಆ ಕಾಲಕ್ಕೆ ನಮ್ಮೂರಲ್ಲಿ ಬೇಸಿಗೆ ರಜ ಬಂದರೆ ಒಂದು ರೂಢಿ. ಮನೆಯಿಂದಲೇ ಮೈದಾ, ಸಕ್ಕರೆ, ಡಾಲ್ಡಾ ಒಯ್ದು ಬೇಕರಿಗೆ ಕೊಟ್ಟರೆ ಅವರು ಬಿಸ್ಕತ್ತು ಬೇಯಿಸಿ ಡಬ್ಬಕ್ಕೆ ತುಂಬಿಕೊಡೋರು. ಬೀದಿಯ ಮಕ್ಕಳೆಲ್ಲ ಡಬ್ಬ ತಬ್ಬಿಕೊಂಡು ಬರೋದನ್ನು ನೋಡಿ ನಾನು ಅತ್ತೆಯ ಸೆರಗು ಹಿಡಿದುಕೊಂಡು ಗೋಳು ಶುರುಮಾಡಿದೆ. ಅತ್ತೆ ಮೊದಲು ಮನೆಯಲ್ಲೇ ಪ್ರಯತ್ನಿಸಿದಳು. ಹಳೇ ದಬರಿಗೆ ಮರಳು ಸುರಿದು, ಒಲೆ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ, ಒಳಗೆ ತಟ್ಟೆ ಇಟ್ಟಳು. ತೆಗೆದು ನೋಡಿದರೆ ಕೆಳಗೆ ಕರಿ, ಮೇಲೆ ಹಸಿ. ನಾನು ಅಳುತ್ತಾ ಕೂತೆ. ಅತ್ತೆ ಬಹಳ ಹೊತ್ತು ಯೋಚನೆ ಮಾಡಿ ತನ್ನದೇ ಒಂದು ತೀರ್ಮಾನಕ್ಕೆ ಬಂದಳು.

"ಹಿಟ್ಟು ನಮ್ದು, ತುಪ್ಪ ನಮ್ದು, ಕಲಸೋ ಕೈ ನಮ್ದು. ನೀರು ಒಂದ್ ತೊಟ್ಟೂ ಹಾಕಲ್ಲ, ಮುಸುರೆ ಅನ್ನಂಗಿಲ್ಲ. ಬೆಂಕಿ ಯಾರ ಮನೇದಾದ್ರೂ ಬೆಂಕೀನೇ. ಆದ್ರೆ ಒಲೆ ಒಳಕ್ಕೆ ಇಡೋದೂ ತೆಗೆಯೋದೂ ನೀನೇ ಮಾಡ್ಬೇಕು, ನಿನ್ ಕೊರಳಲ್ಲಿ ಲಿಂಗ ಐತೆ. ಆ ಬೇಕರಿ ಸಾಬರು ತಟ್ಟೆ ಮುಟ್ಟಂಗಿಲ್ಲ, ತಿಳೀತಾ?"

ರಾಯಚರ್ಲಿನ ಹೊಲದಿಂದ ಅತ್ತೆಯ ಪಾಲಿಗೆ ವರ್ಷವರ್ಷವೂ ಕಡಲೆಕಾಯಿ ಬರುತ್ತಿತ್ತು. (ಈಗ ಆ ಕಡೆ ಹೊಲವೆಲ್ಲ ಸೋಲಾರ್‌ನವರಿಗೆ ಗುತ್ತಿಗೆ ಹೋಗಿದೆ. ನಾನು ಕಡಲೆಕಾಯಿಯನ್ನು ಸಂತೆಯಲ್ಲಿ ಕೊಳ್ಳುತ್ತೇನೆ.) ಅದನ್ನು ಹುರಿದು, ಸಿಪ್ಪೆ ಊದಿ, ಕುಟ್ಟಿ, ಹುರಿದ ರಾಗಿ ಹಿಟ್ಟು, ತುರಿದ ಬೆಲ್ಲ, ಕಾಯಿಸಿದ ತುಪ್ಪ ಸೇರಿಸಿ ಅತ್ತೆ ಕಲಸಿದಳು. ಏಲಕ್ಕಿಯನ್ನು ಸಿಪ್ಪೆ ಸಮೇತ ಕುಟ್ಟಿ ಹಾಕೋದು ಅವಳ ಅಭ್ಯಾಸ. ಉಂಡೆ ಕಟ್ಟಿ, ಅಂಗೈಯಲ್ಲಿ ಒತ್ತಿ, ನಮ್ಮದೇ ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ, ಮಡಿಬಟ್ಟೆ ಮುಚ್ಚಿ ನನ್ನ ತಲೆಮೇಲೆ ಹೊರಿಸಿ ಕಳಿಸಿದಳು.

ಬಸ್ ಸ್ಟ್ಯಾಂಡಿನ ಹಿಂದಿನ ಬೇಕರಿಯವರು ಬಾಷಾ ಸಾಬರು. ಶಿರಾ ಕಡೆಯವರು, ಹಲ್ಲಿಲ್ಲದ ಬಾಯಿ, ಸದಾ ನಗು. ಅತ್ತೆಯ ಷರತ್ತನ್ನು ನಾನು ತೊದಲುತ್ತಾ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ.

"ಅರೆ ವಾಹ್ ಬೇಟಿ! ಹಂಗಾದ್ರೆ ಇವತ್ತು ನೀನೇ ಉಸ್ತಾದ್. ನಾನು ಕೈ ಕಟ್ಕೊಂಡು ನಿಂತ್ಕೋತೀನಿ."

ನಿಂತರು ಕೂಡ, ನಿಜವಾಗಿಯೂ ಕೈ ಕಟ್ಟಿಕೊಂಡು. ನನಗಿಂತ ಉದ್ದದ, ದೋಣಿ ಹುಟ್ಟಿನಂಥ ಮರದ ಹಲಗೆಯ ಮೇಲೆ ತಟ್ಟೆ ಇಟ್ಟುಕೊಂಡು ನಾನು ಆ ಗುಹೆಯಂಥ ಒಲೆಯೊಳಕ್ಕೆ ತಳ್ಳಿದೆ. ಮುಖಕ್ಕೆ ಬಿಸಿ ರಪ್ಪನೆ ಬಡಿಯಿತು. "ಎಡಕ್ಕೆ ಬೇಟಿ, ಎಡಕ್ಕೆ, ಅಲ್ಲಿ ಬೆಂಕಿ ಜಾಸ್ತಿ ಇಲ್ಲ," ಅಂತ ಅವರು ದೂರದಿಂದಲೇ ಹೇಳಿಕೊಡೋರು. ಮೊದಲು ಬೆಲ್ಲದ ವಾಸನೆ ಬಂತು, ಆಮೇಲೆ ಕಡಲೆಕಾಯಿದು. "ಈಗ ತೆಗಿ!" ಅಂದರು. ತೆಗೆದೆ. ಬಿಸ್ಕತ್ತಿನ ಮೇಲೆ ಸಣ್ಣಗೆ ಬಿರುಕು ಬಿಟ್ಟು, ಅಂಚು ಕೆಂಪಗಾಗಿತ್ತು. ಒಂದು ತಗೊಳ್ಳಿ ಅಂತ ಸಾಬರ ಕೈಗೆ ಹಾಕಿದೆ. ಅವರು ಬಾಯಲ್ಲಿ ಕರಗಿಸಿಕೊಂಡು ತಿಂದು, "ಯಾರು ಕಲಸಿದ್ದು ಇದು? ಅವರಿಗೆ ನನ್ನ ಸಲಾಂ ಹೇಳು," ಅಂದರು. ಅತ್ತೆಗೆ ಯಾರೋ ಸಲಾಂ ಹೇಳಿದ್ದು ಅದೇ ಮೊದಲಿರಬೇಕು. ಹೇಳಿದೆ. ಅವಳು "ಚಾಲು ಚಾಲು", ಸಾಕು ಸಾಕು ಅಂತ ಗಂಡನ ಊರಿನ ತೆಲುಗಿನಲ್ಲಿ ಗದರಿದಳು, ಕಿವಿ ಮಾತ್ರ ಕೆಂಪಗಾಯಿತು.

ಒಂದು ಬಿಸ್ಕತ್ತು ಲಿಂಗಕ್ಕೆ ತೋರಿಸಿ ಅತ್ತೆ ಬಾಯಿಗೆ ಹಾಕಿಕೊಂಡಳು. ನಾನು ನೋಡುತ್ತಲೇ ಇದ್ದೆ. ಇನ್ನೊಂದು ತಗೊಂಡಳು. ಆಮೇಲೆ ನಾಲ್ಕನ್ನು ಪೇಪರಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟು, ಗೋಡೆ ನೋಡುತ್ತಾ ಹೇಳಿದಳು.

"ನಿಮ್ಮಪ್ಪಂಗೆ ಕೊಡು. ಬೇಕರೀದು ಅಂತಾನೇ ಹೇಳು. ನಂದು ಅಂದ್ರೆ ಮುಟ್ಟಲ್ಲ ಆ ಮೂದೇವಿ."

ಆಗ ನನ್ನ ತಲೆಯಲ್ಲಿ ಬೆಳಕು ಹತ್ತಿತು ನೋಡಿ. ಅತ್ತೆಗೆ ಇದು ಒಳಗಿನದು, ಕೈ ನಮ್ಮದಾದ್ದರಿಂದ. ಅಪ್ಪನಿಗೆ ಇದು ಹೊರಗಿನದು, ಒಲೆ ಸಾಬರದ್ದಾದ್ದರಿಂದ. ಲೋಕದಲ್ಲಿ ಇಬ್ಬರೂ ತಿನ್ನಬಹುದಾದ ಪದಾರ್ಥ ಅಂತ ಇದೊಂದೇ! ಸಂಜೆ ಅಪ್ಪ ಜಗಲಿ ಮೇಲೆ ಕೂತು ತಿಂದ. ಪೇಪರಿಗೆ ಅಂಟಿದ್ದ ಪುಡಿಯನ್ನೂ ಬೆರಳಿಗೆ ಒತ್ತಿಕೊಂಡು ತಿಂದ. "ಸಾಬರ ಕೈ ಭಾಳ ಚೆನ್ನಾಗೈತೆ," ಅಂತ ಸ್ವಲ್ಪ ಜೋರಾಗಿಯೇ ಹೇಳಿದ. ಅಡಿಗೆಮನೆ ಬಾಗಿಲ ಹಿಂದೆ ಅತ್ತೆ ನಿಂತಿದ್ದು ನನಗೆ ಗೊತ್ತಿತ್ತು. ನಾನು ಜಗಲಿಗೂ ಹೊಸ್ತಿಲಿಗೂ ನಡುವೆ, ನಡುಮನೆಯಲ್ಲಿ ಕೂತು ನನ್ನ ಪಾಲಿನದನ್ನು ತಿಂದೆ. ಮೂರು ಜನ ಮೂರು ಕಡೆ, ಆದರೂ ಒಂದೇ ಹೊತ್ತಿಗೆ ಒಂದೇ ತಿಂಡಿ. ಆ ರಜೆಯೆಲ್ಲ ಹೀಗೇ ನಡೆಯಿತು. ಅತ್ತೆ ಕಲಸೋದು, ನಾನು ಹೊರೋದು, ಅಪ್ಪ ಸಾಬರನ್ನು ಹೊಗಳೋದು. ಹೊಗಳಿದಷ್ಟೂ ಅತ್ತೆಯ ಮುಖ ಸಣ್ಣಗಾಗೋದು. ಪಾಪ, ತನ್ನ ಕೈರುಚಿಯ ಹೊಗಳಿಕೆ ಇನ್ನೊಬ್ಬರ ಹೆಸರಲ್ಲಿ ಎಷ್ಟು ದಿನ ಕೇಳುತ್ತಾಳೆ? ಒಂದು ದಿನ ಪೊಟ್ಟಣ ಕಟ್ಟುತ್ತಾ ಅಂದೇಬಿಟ್ಟಳು.

"ಇವತ್ತು ನಂದು ಅಂತ ಹೇಳು."

"ಬ್ಯಾಡತ್ತೆ. ಅಪ್ಪ ತಿನ್ನಲ್ಲ ಆಮೇಲೆ."

"ತಿನ್ನದಿದ್ರೆ ಬುಡ್ಲಿ. ಹೇಳು."

ನನಗೆ ಭಯ, ಇದ್ದದ್ದೂ ಹೋಗುತ್ತಲ್ಲ ಅಂತ. ಅಪ್ಪ ಅರ್ಧ ಬಿಸ್ಕತ್ತು ತಿಂದಿದ್ದಾಗ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ, ಅಪ್ಪ ಇದು ಅತ್ತೆ ಮಾಡಿದ್ದು, ಎಲ್ಲಾನೂ ಅತ್ತೇನೇ ಮಾಡಿದ್ದು ಅಂತ. ಅಪ್ಪ ಅಗಿಯೋದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣವ್ವ. ಮೊದಲ್ನೇ ದಿನಾನೇ ಗೊತ್ತು. ಏಲಕ್ಕಿ ಸಿಪ್ಪೆ ಸಮೇತ ಕುಟ್ಟಿ ಹಾಕೋರು ಈ ಊರಲ್ಲಿ ಇನ್ಯಾರವ್ರೆ?"

ಒಳಗೆ ಪಾತ್ರೆ ಸದ್ದು ನಿಂತಿತು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮನೆಯಲ್ಲಿ ಊಟಕ್ಕೆ ಬಾಯಿಬಿಟ್ಟು ಕರೆಯೋ ಪದ್ಧತಿ ಇರಲಿಲ್ಲ. ಕೂಗಿ ಕರೆದರೆ ಅನ್ನಕ್ಕೆ ದೃಷ್ಟಿಯಾಗುತ್ತೆ ಅನ್ನೋದು ಅತ್ತೆಯ ನಂಬಿಕೆ. ತಟ್ಟೆ ಹಾಕಿ ಪಕ್ಕದಲ್ಲಿ ಒಂದು ಲೋಟ ನೀರಿಟ್ಟರೆ ಅದೇ ಕರೆ. ಅಂಥ ಅತ್ತೆ ಅವತ್ತು ಬಾಗಿಲ ಹಿಂದಿನಿಂದ ಬಾಯಿ ಬಿಟ್ಟಳು, ನೇರವಾಗಿ ಅವನಿಗೇ.

"ಅನ್ನ ಇಡ್ಲಾ?"

ಅಪ್ಪನಿಗೆ ಬಿಸ್ಕತ್ತು ನೆತ್ತಿಗೇರಿತು. ಕೆಮ್ಮಿ, ನೀರು ಕುಡಿದು, ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದ.

"ಹೊಟ್ಟೆ ತುಂಬೈತೆ."

ನಿಜವೇ ಅದು. ಕೊರಟಗೆರೆಯಲ್ಲಿ ತಿಂದು ಬಂದಿದ್ದ. ನನಗೆ ಅದು ಗೊತ್ತು, ಅವನಿಗೆ ಗೊತ್ತು, ಬಾಗಿಲ ಹಿಂದಿದ್ದವಳಿಗೆ ಗೊತ್ತಿಲ್ಲ. ಅವಳಿಗೆ ಕೇಳಿಸಿದ್ದು ಬೇಡ ಅನ್ನೋದು ಒಂದೇ. ಪಾತ್ರೆ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಅಪ್ಪ ತನ್ನ ಹಣೆಯನ್ನು ತಾನೇ ಚಚ್ಚಿಕೊಂಡ.

ಮಾರನೇ ದಿನ ಅಪ್ಪ ಹೊತ್ತಿಗೆ ಮುಂಚೆಯೇ ಬಂದ. ಮುಖ ಬಾಡಿತ್ತು. ಕಾಲು ತೊಳೆದು, ಜಗಲಿಯಲ್ಲಿ ಕೂರದೆ ನಡುಮನೆಗೆ ಬಂದು ಗೋಡೆಗೊರಗಿ ಕೂತ. ಏನು ತಿಂದೆ ಅಂತ ಕೇಳಿದರೆ ಏನೂ ಇಲ್ಲ ಅಂದ. ನಾನು ಅಡಿಗೆಮನೆಗೆ ಓಡಿದೆ.

"ಅತ್ತೆ, ಅಪ್ಪ ಉಂಡಿಲ್ಲ. ಹಸ್ಕೊಂಡು ಬಂದೈತೆ."

"ನೆನ್ನೆ ಕರೆದೆ. ಹೊಟ್ಟೆ ತುಂಬೈತೆ ಅಂದ. ಎಷ್ಟು ಸಲ ಕರೀಲಿ ನಾನು? ಬೇಕಾದ್ರೆ ಅವ್ನೇ ಕೇಳ್ಲಿ."

ಅಪ್ಪನ ಹತ್ತಿರ ಬಂದೆ.

"ಅಪ್ಪ, ನೀನೇ ಕೇಳಬೇಕಂತೆ."

"ಒಂದ್ ತಟ್ಟೆ ಇಟ್ರೆ ಸಾಕು, ಬರ್ತೀನಿ. ಕೇಳೋದು ಹೆಂಗವ್ವ? ಅಷ್ಟು ವರ್ಷ ಬುಟ್ಟು ಈಗ ಭಿಕ್ಷೆ ಕೇಳ್ದಂಗೆ ಕೇಳ್ಲಾ?"

ಅವನು ಅಲ್ಲಿ, ಅವಳು ಇಲ್ಲಿ, ಮಧ್ಯೆ ಒಂದು ಹೊಸ್ತಿಲು. ಸಾರಿನ ಒಗ್ಗರಣೆ ವಾಸನೆ ಮನೆತುಂಬ. ನಾನು ಅಲ್ಲಿಗೂ ಇಲ್ಲಿಗೂ ಓಡಾಡಿ ಸೋತು ಕೂತೆ. ಇಬ್ಬರ ಮೇಲೂ ಎಂಥ ಸಿಟ್ಟು ಬಂತೆಂದರೆ, ಯಾರಾದರೂ ದೊಡ್ಡವರು ಬಂದು ಈ ಇಬ್ಬರ ಕಿವಿ ಹಿಂಡಬಾರದೇ ಅನಿಸಿತು. ಬೆಳಕು ಇಳಿಯಿತು, ತಟ್ಟೆ ಸದ್ದು ಬರಲಿಲ್ಲ. ಅಪ್ಪ ಎದ್ದು ಚಪ್ಪಲಿ ಮೆಟ್ಟಿದ. ಹೋಗೋನು ತಿರುಗಿ ನನ್ನ ಕಡೆ ಕೈ ಚಾಚಿದ.

"ಬಾರವ್ವ, ಹೋಟ್ಲಿಗೆ ಹೋಗನ."

ಅತ್ತೆ ಬೇಡ ಅನ್ನಲಿಲ್ಲ. ಅಂದಿದ್ದರೆ ನಾನು ಹೋಗುತ್ತಿರಲಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕಲ್ಲಿನ ಟೇಬಲ್ಲು, ಗೋಡೆಗೆ ಕನ್ನಡಿ, ತಟ್ಟೆಯಗಲದ ಇಡ್ಲಿ, ಮೇಲೆ ಬೆಣ್ಣೆ. ಜೀವನದಲ್ಲಿ ಮೊದಲ ಸಲ ನನ್ನೆದುರಿಗೆ ಕೂತು ಒಬ್ಬರು ತಿನ್ನುತ್ತಿದ್ದರು. ಅಪ್ಪ ಚಟ್ನಿಯನ್ನು ನನ್ನ ತಟ್ಟೆಗೆ ಸರಿಸೋನು, ನಾನು ಅವನ ತಟ್ಟೆಗೆ ಸರಿಸೋಳು. ಎಷ್ಟು ರುಚಿಯಾಗಿತ್ತು ಅಂದರೆ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂದ ಅಪ್ಪ. ಖಾರಕ್ಕಲ್ಲ. ಮನೆಯಲ್ಲಿ ಅತ್ತೆ ಗೋಡೆ ನೋಡುತ್ತಾ ಒಬ್ಬಳೇ ಕೂತಿರೋದು ನನಗೆ ಕಾಣುತ್ತಿತ್ತು. ನಾನು ದೇವರಲ್ಲಿ ಕೇಳಿದ್ದ ಸಾಲಿನಲ್ಲಿ ಇನ್ನೂ ಒಬ್ಬರು ಕಡಿಮೆ. ಅಪ್ಪನಿಗೂ ಹಾಗೇ ಅನಿಸಿರಬೇಕು, ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

ಮನೆಗೆ ಬಂದರೆ ಅಡಿಗೆಮನೆಯಲ್ಲಿ ಬುಡ್ಡಿ ದೀಪ ಉರಿಯುತ್ತಿತ್ತು. ಹೊಸ್ತಿಲಿನ ಒಳಗಡೆ, ಹೊರಗಲ್ಲ, ಒಳಗಡೆ, ಮೂರು ತಟ್ಟೆ ಸಾಲಾಗಿ ಹಾಕಿತ್ತು. ಪಕ್ಕದಲ್ಲಿ ನೀರು. ಮುದ್ದೆ ಬಡಿಸಿ ಬಹಳ ಹೊತ್ತಾಗಿ ಮೇಲೆ ಒಣಗಿತ್ತು. ನಾವು ಬೀದಿ ತಿರುವು ದಾಟುವಷ್ಟರಲ್ಲೇ ಹಾಕಿದ್ದಳೋ ಏನೋ. ಅತ್ತೆ ಗೋಡೆಗೆ ಬೆನ್ನು ಹಾಕಿ ನಮ್ಮ ಕಡೆ ಮುಖ ಮಾಡಿ ಕೂತಿದ್ದಳು. ಊಟ ಮುಟ್ಟಿರಲಿಲ್ಲ. ಅಪ್ಪ ಹೊಸ್ತಿಲ ಮುಂದೆ ಕಂಬದ ಹಾಗೆ ನಿಂತ. ನಮ್ಮಿಬ್ಬರ ಬಾಯಿಂದ ಹೋಟೆಲು ವಾಸನೆ ಹೊಡೆಯುತ್ತಿತ್ತು, ಅದು ಅತ್ತೆಯ ಮೂಗಿಗೆ ಬಡಿಯದೆ ಇರೋಕೆ ಸಾಧ್ಯವೇ ಇಲ್ಲ. ಅವಳು ನನ್ನ ಕೈ ಹಿಡಿದು ಮೂಸಿದಳು. ನಾನು ಏಟು ಬೀಳುತ್ತೆ ಅಂತ ಕಣ್ಣು ಮುಚ್ಚಿದೆ.

"ಕೈ ತೊಳ್ಕೊಂಡ್ ಬಾ," ಅಂದಳು, ಅಷ್ಟೇ.

ನಾನು ತೊಳೆದುಕೊಂಡು ಬರೋ ಹೊತ್ತಿಗೆ ಅಪ್ಪ ಹೊಸ್ತಿಲು ದಾಟಿ ಕೂತಿದ್ದ. ನಾನು ಮಧ್ಯದ ತಟ್ಟೆಗೆ ಹೋಗಿ ಕೂತೆ. ಹೊಟ್ಟೆಯಲ್ಲಿ ಒಂದು ಕಾಳಿಗೂ ಜಾಗವಿರಲಿಲ್ಲ, ಅವನಿಗೂ ಇರಲಿಲ್ಲ, ನನ್ನ ಕಣ್ಣೆದುರಿಗೇ ಮೂರು ಇಡ್ಲಿ ತಿಂದಿದ್ದ ಮನುಷ್ಯ. ಅತ್ತೆ ಲಿಂಗಕ್ಕೆ ತೋರಿಸಿ ಮೊದಲ ತುತ್ತು ತಗೊಂಡಳು. ಅಪ್ಪ ತಣ್ಣಗಾದ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದ. ಮತ್ತೆ ಮುರಿದ. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು, ನಿಲ್ಲಿಸಲಿಲ್ಲ. ನಾನೂ ನುಂಗಿದೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪೂರ್ತಿ ತಟ್ಟೆ ಬಳಿದು ಮುಗಿಸಿ ಅಪ್ಪ ಅದನ್ನು ಅತ್ತೆಯ ಕಡೆ ಸ್ವಲ್ಪ ಸರಿಸಿದ. ಸೊಂಟದ ಪಟ್ಟಿ ಸಡಿಲ ಮಾಡಿಕೊಂಡು, ತಲೆ ಎತ್ತದೆ ಹೇಳಿದ.

"ಇನ್ನೊಂದ್ ಮುದ್ದೆ ಇಕ್ಕಕ್ಕ."